ಗುಡ್ಡ, ಖಾಡಿ ಮತ್ತು ಯೋಗಾಸನ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಕನ್ನಡಿಗನು ಮೊದಲು ಕಳೆದುಕೊಳ್ಳುವುದು ತನ್ನ ನಡಿಗೆಯನ್ನು. ಇಲ್ಲಿ ಅವನು ಓಡುತ್ತಾನೆ; ಲೋಕಲ್ ಗಾಡಿಯಲ್ಲಿ ಜೋತಾಡುತ್ತಾನೆ; ಸಾಲಿನಲ್ಲಿ ನಿಲ್ಲುತ್ತಾನೆ; ಕಚೇರಿಯಲ್ಲಿ ಎಂಟು ತಾಸು ಕುಳಿತಿರುತ್ತಾನೆ. ಆದರೆ ಊರಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಂತೆ ಮಾತ್ರ ನಡೆಯುವುದಿಲ್ಲ. ನಲವತ್ತು ದಾಟುವಷ್ಟರಲ್ಲಿ ರಕ್ತದ ಒತ್ತಡ, ಮಧುಮೇಹ, ಬೆನ್ನುನೋವುಗಳು ಅತಿಥಿಗಳಂತೆ ಬಂದು ಮನೆಯವರೇ ಆಗಿಬಿಡುತ್ತವೆ. ಆಗ ನಮಗೆ ಯೋಗದ ನೆನಪಾಗುತ್ತದೆ. ನೆನಪಾದದ್ದು ಒಳ್ಳೆಯದೇ. ಆದರೆ ಗಾಡಿ ಹಿಡಿಯುವ ಆತುರದಲ್ಲೇ ಯೋಗವನ್ನೂ ಹಿಡಿಯಹೊರಟರೆ ಏನಾಗುತ್ತದೆ ಎಂಬುದಕ್ಕೆ ಈ ಲೇಖಕನೇ ಒಂದು ನಿದರ್ಶನ.

ನಾನು ಡೊಂಬಿವಲಿಯ ಚಾಳಿನಿಂದ ಘಣಸೋಲಿಗೆ ಬಂದದ್ದು ಥಾಣೆ–ವಾಶಿ ರೈಲುಮಾರ್ಗದಲ್ಲಿ ಪ್ರಯಾಣಿಕರ ಗಾಡಿಗಳು ಓಡಲಾರಂಭಿಸಿದ 2004ರ ನಂತರ. ಐವತ್ತನೆಯ ವಯಸ್ಸಿಗೆ ಒಂದು ಯೋಗವರ್ಗಕ್ಕೆ ಸೇರಿದೆ. ಮುಂಜಾನೆ ಆರಕ್ಕೆ ಆರಂಭ, ಆರೂ ಮುಕ್ಕಾಲಿಗೆ ಮುಕ್ತಾಯ, ಏಳೂವರೆಗೆ ಗಾಡಿ. ಪಕ್ಕದ ಚಾಪೆಯ ತರುಣನ ಹಣೆ ಮೊಣಕಾಲಿಗೆ ತಾಗಿತೆಂದು ನನ್ನ ಹಣೆಯನ್ನೂ ತಾಗಿಸಲು ಹೊರಟೆ. ಪಶ್ಚಿಮೋತ್ತಾನಾಸನದ ಹೆಸರಿನಲ್ಲಿ ನಾನು ಮಾಡಿದ್ದು ಒಂದು ಬಗೆಯ ಹಗ್ಗಜಗ್ಗಾಟವೇ ಆಗಿತ್ತು. ಒಂದು ದಿನ ಸೊಂಟದಲ್ಲಿ ಏನೋ ಸೆಳೆದಂತಾಯಿತು. ಮೂರು ವಾರ ಹಾಸಿಗೆ ಹಿಡಿದೆ. ಎದ್ದ ಮೇಲೆ ವೈದ್ಯರು, “ಸದ್ಯಕ್ಕೆ ಆಸನ ಸಾಕು, ನಡೆಯಿರಿ. ಆದರೆ ಗಡಿಯಾರ ನೋಡದೆ ನಡೆಯಿರಿ” ಎಂದು ಅಪ್ಪಣೆ ಕೊಟ್ಟರು.

ನಡಿಗೆಗೆ ಜೊತೆಯಾದವರು ನಮ್ಮ ಕಟ್ಟಡದ ಹಿರಿಯರೊಬ್ಬರು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಎಲ್ಲರಿಗೂ ಅವರು ಮಾಸ್ತರರು. ಘಣಸೋಲಿಯ ಪೂರ್ವಕ್ಕೆ, ಕಾರಖಾನೆಗಳನ್ನು ದಾಟಿದರೆ ಗವಳಿದೇವ ಗುಡ್ಡ. ಪಶ್ಚಿಮಕ್ಕೆ ಥಾಣೆಯ ಖಾಡಿ. ಇವೆರಡರ ನಡುವೆ ನಮ್ಮ ಸಂಸಾರ. ಒಂದು ವರ್ಷ ನಾವು ಈ ಎರಡೂ ದಿಕ್ಕುಗಳಲ್ಲಿ ನಡೆದೆವು. ಆ ನಡಿಗೆ ನನಗೆ ಯೋಗವನ್ನು ಮತ್ತೆ ಮೊದಲಿನಿಂದ ಕಲಿಸಿತು.

ಗುಡ್ಡದ ಪಾಠ: ಓರೆಯಾದ ದಾರಿ

ಗವಳಿ ಎಂದರೆ ಮರಾಠಿಯಲ್ಲಿ ದನ ಸಾಕಿ ಹಾಲು ಮಾರುವವನು. ಗುಡ್ಡ ಬಲ್ಲ ದನಗಾಹಿಯೂ ಅವನ ದನಗಳೂ ನೆಟ್ಟಗೆ ಏರುವುದಿಲ್ಲ. ಓರೆಯಾಗಿ, ಬಳಸಿ ಬಳಸಿ ಏರುವುದು ಅವರ ಪದ್ಧತಿ. ಮೊದಲ ದಿನ ನಾನು ನೆಟ್ಟನೆಯ ದಾರಿ ಹಿಡಿದು ಅರ್ಧದಲ್ಲೇ ಏದುಸಿರು ಬಿಡುತ್ತ ಕುಳಿತೆ. ಮಾಸ್ತರರು ಬಳಸುದಾರಿಯಲ್ಲಿ ಮಾತಾಡುತ್ತಲೇ ಬಂದು ನನ್ನನ್ನು ದಾಟಿ, ಮೇಲೆ ನಿಂತು, “ಬನ್ನಿ ರಾಯರೇ, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದರು.

ಆ ಮಾತಿನಲ್ಲಿ ಆರೋಗ್ಯಶಾಸ್ತ್ರವೂ ಇದೆ, ಯೋಗಶಾಸ್ತ್ರವೂ ಇದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು; ಅದೇ ಮಧ್ಯಮ ಶ್ರಮದ ಅಳತೆ. ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡುತ್ತದೆ. ಯೋಗಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಪತಂಜಲಿ ಮಹರ್ಷಿಗಳು ಆಸನಕ್ಕೆ ಇಟ್ಟ ಲಕ್ಷಣಗಳು ಎರಡೇ: ಅದು ಸ್ಥಿರವಾಗಿರಬೇಕು, ಸುಖವಾಗಿರಬೇಕು. ಪ್ರಯತ್ನದ ಬಿಗಿಯನ್ನು ಸಡಿಲಿಸಿದಾಗಲೇ ಅದು ಸಿದ್ಧಿಸುತ್ತದೆಂದು ಅವರು ಮುಂದಿನ ಸೂತ್ರದಲ್ಲಿಯೇ ತಿಳಿಸಿದ್ದಾರೆ. ಹಠಯೋಗಪ್ರದೀಪಿಕೆಯು ಪ್ರಾಣವನ್ನು ಸಿಂಹ, ಆನೆ, ಹುಲಿಗಳಿಗೆ ಹೋಲಿಸಿ, ಮೆಲ್ಲಮೆಲ್ಲನೆ ಪಳಗಿಸದಿದ್ದರೆ ಅದು ಸಾಧಕನನ್ನೇ ಕೊಲ್ಲುವುದೆಂದು ಎಚ್ಚರಿಸುತ್ತದೆ. ಹಠವೆಂಬ ಹೆಸರು ಹೊತ್ತ ಗ್ರಂಥವೇ ಹಠ ಬೇಡವೆನ್ನುವುದು ಗಮನಾರ್ಹ.

ಇಳಿಯುವುದು ಏರುವುದಕ್ಕಿಂತ ಸುಲಭವೆಂಬುದು ಇನ್ನೊಂದು ಭ್ರಮೆ. ಇಳಿಯುವಾಗ ದೇಹದ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಜಾರುವುದೂ ಇಳಿಯುವಾಗಲೇ. ಆಸನವನ್ನು ಕಟ್ಟುವಾಗ ನಾವು ತೋರುವ ಎಚ್ಚರವನ್ನು ಬಿಡಿಸುವಾಗ ತೋರುವುದಿಲ್ಲ. ನನಗೆ ಸೊಂಟ ಹಿಡಿದದ್ದೂ ಬಾಗಿದಾಗಲ್ಲ, ಗಡಿಬಿಡಿಯಿಂದ ಮೇಲೆದ್ದಾಗ.

ಖಾಡಿಯ ಪಾಠ: ಮರವೂ ಉಸಿರಾಡುತ್ತದೆ

ಖಾಡಿಯ ಅಂಚಿನಲ್ಲಿ ಬೆಳೆದಿರುವ ಕಾಂಡ್ಲ ಕಾಡನ್ನು ಮರಾಠಿ ಜನ ಖಾರಫುಟಿ ಎನ್ನುತ್ತಾರೆ. ಕರಾವಳಿಯಿಂದ ಬಂದ ನಮ್ಮವರಿಗೆ ಇದು ಹೊಸತಲ್ಲ. ಕುಂದಾಪುರ, ಹೊನ್ನಾವರ, ಕಾರವಾರಗಳ ಅಳಿವೆಗಳಲ್ಲಿ ಇದರ ಬಂಧುಗಳೇ ಇವೆ. ಇಳಿತದ ಹೊತ್ತಿನಲ್ಲಿ ಹೋಗಿ ನೋಡಿದರೆ ಕೆಸರಿನಿಂದ ಸಾವಿರಾರು ಬೇರುಗಳು ಸೀಸಕಡ್ಡಿಗಳಂತೆ ಮೇಲ್ಮುಖವಾಗಿ ನಿಂತಿರುತ್ತವೆ. ಬೇರು ನೆಲಕ್ಕಿಳಿಯುವುದು ಲೋಕರೂಢಿ. ಇದೇಕೆ ಆಕಾಶಕ್ಕೆ ಮುಖ ಮಾಡಿದೆ?

ಆ ಕೆಸರಿನಲ್ಲಿ ಪ್ರಾಣವಾಯು ಇಲ್ಲ. ಆದ್ದರಿಂದ ಮರವು ತನ್ನ ಬೇರನ್ನೇ ಮೂಗನ್ನಾಗಿ ಮಾಡಿಕೊಂಡಿದೆ. ಈ ಬೇರುಗಳ ಮೈಮೇಲೆ ಸೂಕ್ಷ್ಮ ರಂಧ್ರಗಳಿವೆ. ಉಬ್ಬರದ ನೀರು ಮುಚ್ಚಿದಾಗ ಅವು ನೀರನ್ನು ಒಳಗೆ ಬಿಡುವುದಿಲ್ಲ. ಒಳಗಿರುವ ಗಾಳಿಯಿಂದಲೇ ಬೇರು ಜೀವ ಹಿಡಿದಿರುತ್ತದೆ. ಆ ಗಾಳಿಯ ಪ್ರಾಣವಾಯು ಖರ್ಚಾದಂತೆ ಒಳಗಿನ ಒತ್ತಡ ತಗ್ಗುತ್ತದೆ. ನೀರು ಇಳಿದೊಡನೆ ಹೊರಗಿನ ಗಾಳಿಯು ತಾನಾಗಿಯೇ ಒಳಸೇರುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಮರಕ್ಕೂ ಅಷ್ಟೇ ಉಸಿರು. ಪೂರಕ, ಕುಂಭಕ, ರೇಚಕಗಳನ್ನು ಪುಸ್ತಕದಲ್ಲಿ ಓದಿದ್ದ ನನಗೆ ಅವುಗಳ ಅರ್ಥವಾದದ್ದು ಈ ಕೆಸರಿನ ದಡದಲ್ಲಿ. ಗಾಳಿಯನ್ನು ಎಳೆದುಕೊಳ್ಳಬೇಕಾಗಿಲ್ಲ, ಪೂರ್ಣವಾಗಿ ಬಿಟ್ಟವನ ಎದೆಯನ್ನು ಅದು ತಾನೇ ಬಂದು ತುಂಬುತ್ತದೆ. ಈ ಮರಗಳಲ್ಲಿ ಒಂದು ಜಾತಿಯ ಎಲೆಯನ್ನು ನೆಕ್ಕಿ ನೋಡಿದರೆ ಉಪ್ಪುಪ್ಪಾಗಿರುತ್ತದೆ. ಬೇಡವಾದ ಉಪ್ಪನ್ನು ಅದು ಎಲೆಯ ಮೂಲಕ ಹೊರಹಾಕುತ್ತದೆ. ಬದುಕಿನ ಗುಟ್ಟು ಬಿಡುವುದರಲ್ಲಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಖಾಡಿಯ ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಮುದುಕರೊಬ್ಬರನ್ನು, “ಕಾಕಾ, ಭರತಿ ಯಾವಾಗ?” ಎಂದು ಮಾಸ್ತರರು ಮರಾಠಿಯಲ್ಲಿ ಕೇಳಿದರು. ಅವರು ಗಡಿಯಾರ ನೋಡಲಿಲ್ಲ, ತಿಥಿ ಕೇಳಿದರು. ಕೊಂಕಣ ತೀರದ ಬೆಸ್ತರ ಲೆಕ್ಕ ಹೀಗಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಸುಮಾರು ಅಷ್ಟು ಗಂಟೆಗೆ ಪೂರ್ಣ ಉಬ್ಬರ. ಅಷ್ಟಮಿಗೆ ಆರು ಗಂಟೆ; ಹುಣ್ಣಿಮೆ ಅಮಾವಾಸ್ಯೆಗಳಿಗೆ ಹನ್ನೊಂದೂಕಾಲರಿಂದ ಹನ್ನೆರಡರ ಆಸುಪಾಸು. ದಿನದಿನಕ್ಕೆ ಉಬ್ಬರವು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ.

ಇದರಿಂದ ನನಗೊಂದು ದೊಡ್ಡ ಸತ್ಯ ಹೊಳೆಯಿತು. ನಾವು ಪ್ರತಿದಿನ ಆರು ಗಂಟೆಗೇ ಹೋಗುತ್ತಿದ್ದರೂ ಖಾಡಿ ಒಂದು ದಿನ ತುಂಬಿರುತ್ತಿತ್ತು, ಒಂದು ದಿನ ಬರಿದಾಗಿರುತ್ತಿತ್ತು. ಬರಿದಾದ ದಿನ ಅದನ್ನು ಯಾರೂ ಬೈಯುವುದಿಲ್ಲ. ನಮ್ಮ ದೇಹವೂ ಹಾಗೆಯೇ. ನಿನ್ನೆ ಬಾಗಿದ ಬೆನ್ನು ಇಂದು ಬಾಗುವುದಿಲ್ಲ. ನಿನ್ನೆ ನಿಂತ ಕಾಲು ಇಂದು ನಡುಗುತ್ತದೆ. ಹೊತ್ತು ತಪ್ಪದೆ ಚಾಪೆಯ ಮೇಲೆ ಕೂಡುವುದು ನಮ್ಮ ಕರ್ತವ್ಯ; ಆ ದಿನ ಉಬ್ಬರವೋ ಇಳಿತವೋ ಎಂಬುದು ನಮ್ಮ ಕೈಯಲ್ಲಿಲ್ಲ. ಅಂದಂದಿನ ದೇಹವನ್ನು ನೋಡಿ ಅಂದಂದಿನ ಅಭ್ಯಾಸ ಮಾಡಬೇಕು.

ಒಂಟಿಕಾಲಿನ ಗುರು

ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ ಥಾಣೆಯ ಖಾಡಿಗೆ ಸಹಸ್ರಾರು ರಾಜಹಂಸಗಳು, ಅಂದರೆ ಫ್ಲೆಮಿಂಗೊ ಪಕ್ಷಿಗಳು, ಬರುತ್ತವೆ. ಖಾಡಿಯ ಒಂದು ಭಾಗವನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರವು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗುನೆಲಗಳ ಪಟ್ಟಿಗೆ ಸೇರಿತು. ಕೆಸರಿನಲ್ಲಿ ಒಂಟಿಕಾಲಿನ ಮೇಲೆ ನಿಂತು ನಿದ್ರಿಸುವ ಈ ಪಕ್ಷಿಯನ್ನು ಕಂಡಾಗಲೆಲ್ಲ ನನಗೆ ನನ್ನ ವೃಕ್ಷಾಸನದ ನೆನಪಾಗಿ ನಾಚಿಕೆಯಾಗುತ್ತಿತ್ತು.

ಅಮೆರಿಕದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದರ ರಹಸ್ಯವನ್ನು ಬಿಡಿಸಿದೆ. ಸತ್ತ ಫ್ಲೆಮಿಂಗೊವನ್ನೂ ಒಂಟಿಕಾಲಿನ ಮೇಲೆ ನಿಲ್ಲಿಸಬಹುದೆಂದು ಅವರು ತೋರಿಸಿದರು. ಎರಡು ಕಾಲಿನ ಮೇಲೆ ಅದು ನಿಲ್ಲಲಿಲ್ಲ. ಅಂದರೆ ಆ ನಿಲುವಿಗೆ ಸ್ನಾಯುಗಳ ಬಿಗಿತ ಬಹಳ ಬೇಕಿಲ್ಲ. ಮೂಳೆಕೀಲುಗಳ ರಚನೆಯೂ ದೇಹದ ಭಾರವೂ ಸರಿಯಾಗಿ ಹೊಂದಿಕೊಂಡರೆ ಸಾಕು. ಜೀವಂತ ಪಕ್ಷಿಯೂ ಎಚ್ಚರವಾಗಿ ಅತ್ತಿತ್ತ ನೋಡುವಾಗ ತೂಗಾಡುತ್ತದೆ, ಶಾಂತವಾದಂತೆ ಸ್ಥಿರವಾಗುತ್ತದೆ. ಮನುಷ್ಯನ ಕಾಲಿಗೆ ಆ ಬಗೆಯ ಕೀಲು ಇಲ್ಲ ನಿಜ. ಆದರೂ ಪಾಠ ಸ್ಪಷ್ಟ. ಹಲ್ಲು ಕಚ್ಚಿ, ಭುಜ ಬಿಗಿದು ನಿಂತರೆ ವೃಕ್ಷಾಸನ ನಿಲ್ಲದು. ಪಾದವನ್ನು ನೆಲಕ್ಕೆ ಹರಡಿ, ದೃಷ್ಟಿಯನ್ನು ಒಂದೆಡೆ ನೆಟ್ಟು, ಮುಖವನ್ನು ಸಡಿಲಿಸಿದರೆ ತಾನಾಗಿ ನಿಲ್ಲುತ್ತದೆ.

ನಮ್ಮ ಪೂರ್ವಿಕರಿಗೆ ಇದು ತಿಳಿಯದ್ದಲ್ಲ. ಮಯೂರ, ಬಕ, ಭುಜಂಗ, ಮತ್ಸ್ಯ, ಕೂರ್ಮ, ಶಲಭ, ವೃಕ್ಷ, ಪರ್ವತ: ಆಸನಗಳ ಹೆಸರುಗಳೇ ಒಂದು ವನವಿಹಾರದಂತಿವೆ. ಜೀವಜಾತಿಗಳು ಎಷ್ಟಿವೆಯೋ ಆಸನಗಳೂ ಅಷ್ಟಿವೆಯೆಂದು ಘೇರಂಡಸಂಹಿತೆಯು ಹೇಳುತ್ತದೆ. ಹೆಸರನ್ನು ಉಳಿಸಿಕೊಂಡ ನಾವು ಹೆಸರಿನ ಒಡೆಯರನ್ನು ನೋಡುವುದನ್ನು ಮರೆತೆವು.

ವಲಸಿಗನ ಹಿರಿಮೆ

ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿ, 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರರು (1918–2014) ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ಬಳಲಿದ ಬಡಕಲು ಹುಡುಗ. 1937ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲಸಿದರು. ನಮ್ಮಂತೆಯೇ ಮಹಾರಾಷ್ಟ್ರಕ್ಕೆ ವಲಸೆ ಬಂದ ಕನ್ನಡ ನಾಡಿನ ಮಗ ಅವರು. ಕುರ್ಚಿ, ಹಗ್ಗ, ದಿಂಬು, ಮರದ ಇಟ್ಟಿಗೆಗಳ ಆಸರೆಯಿಂದ ಮುದುಕರೂ ರೋಗಿಗಳೂ ಆಸನ ಮಾಡುವ ಮಾರ್ಗವನ್ನು ಅವರು ತೆರೆದರು. ಆಸರೆ ಪಡೆಯುವುದು ಸೋಲಲ್ಲ. ಬಳ್ಳಿ ಮರಕ್ಕೆ ಹಬ್ಬುವುದನ್ನು ಯಾರೂ ದೌರ್ಬಲ್ಯವೆನ್ನುವುದಿಲ್ಲ. ಇಂದು ನಾನೂ ಗೋಡೆ ಹಿಡಿದೇ ವೃಕ್ಷಾಸನ ಮಾಡುತ್ತೇನೆ.

ಹಸಿರಿನ ಔಷಧ

ಹಸಿರನ್ನು ನೋಡುವುದೂ ಒಂದು ಚಿಕಿತ್ಸೆ ಎಂಬುದಕ್ಕೆ ಆಧಾರಗಳಿವೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ತೀವ್ರ ನೋವುಶಾಮಕಗಳೂ ಅವರಿಗೆ ಕಡಮೆ ಬೇಕಾದವು. ಎದುರಿನ ಕಟ್ಟಡದ ಗೋಡೆಯನ್ನೇ ನೋಡುತ್ತ ಬಾಳುವ ನಮಗೆ ಇದು ಎಚ್ಚರಿಕೆಯ ಮಾತು.

ಹಾಗೆಂದು ಈ ಗುರುಗಳು ಶಾಶ್ವತರೆಂದು ಭಾವಿಸಬಾರದು. 2024ರ ಮೇ ತಿಂಗಳಲ್ಲಿ ಘಾಟ್ಕೋಪರ್ ಬಳಿ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತವು. ಮರುದಿನ ಖಾಡಿಯ ದಡದಲ್ಲಿ ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಕಾಂಡ್ಲ ಕಾಡು ಸವೆದರೆ ನಾವು ಕಳೆದುಕೊಳ್ಳುವುದು ನೋಟವನ್ನಷ್ಟೇ ಅಲ್ಲ. ನೆರೆಯ ತಡೆಯನ್ನೂ ಕಳೆದುಕೊಳ್ಳುತ್ತೇವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಚರಣೆಗೆ ಕೆಲವು ಸೂಚನೆಗಳು

1. ವಾರದಲ್ಲಿ ಐದು ದಿನ ಅರ್ಧ ತಾಸು ನಡೆಯಿರಿ. ರಜೆಯ ದಿನ ಮರಗಿಡಗಳಿರುವೆಡೆಗೆ ಹೋಗಿ. ಗುಡ್ಡಕ್ಕೆ ಒಬ್ಬರೇ ಹೋಗಬೇಡಿ, ಜೋರು ಮಳೆಯಲ್ಲಿ ಝರಿಗಳ ಬಳಿ ಸುಳಿಯಬೇಡಿ.

2. ಮೊದಲ ಹತ್ತು ನಿಮಿಷ ಮೌನವಾಗಿ ನಡೆಯಿರಿ. ಉಸಿರು ಎಷ್ಟು ಹೆಜ್ಜೆಗೆ ಒಳಬರುತ್ತದೆ, ಎಷ್ಟು ಹೆಜ್ಜೆಗೆ ಹೊರಹೋಗುತ್ತದೆ ಎಂಬುದನ್ನು ಗಮನಿಸಿರಿ, ಬದಲಿಸಬೇಡಿ.

3. ನಡಿಗೆಯಿಂದ ಬಂದು ಸ್ವಲ್ಪ ವಿಶ್ರಮಿಸಿ, ಬಳಿಕ ಆಸನ ಮಾಡಿರಿ. ಬೆಚ್ಚಗಾದ ಸ್ನಾಯುಗಳು ಸುಲಭವಾಗಿ ಮಣಿಯುತ್ತವೆ.

4. ರಕ್ತದ ಒತ್ತಡ, ಹೃದ್ರೋಗವುಳ್ಳವರು ಉಸಿರು ಹಿಡಿದಿಡುವ ಕುಂಭಕವನ್ನು ಮಾಡಬಾರದು. ಅವರೂ, ಕಣ್ಣಿನ ಒತ್ತಡವುಳ್ಳವರೂ, ಕುತ್ತಿಗೆ ನೋವಿರುವವರೂ ಶೀರ್ಷಾಸನದಿಂದ ದೂರವಿರಬೇಕು.

5. ನೋವು ಎಂಬುದು ಗುರುವಿನ ದನಿ. ಸೆಳೆತ ಬೇರೆ, ನೋವು ಬೇರೆ. ನೋವಾದಲ್ಲಿ ನಿಲ್ಲಿಸಿರಿ.

6. ಶವಾಸನವನ್ನು ಎಂದೂ ಬಿಡಬೇಡಿ. ಮೇ ತಿಂಗಳಲ್ಲಿ ಒಣಗಿ ನಿಂತ ಗವಳಿದೇವ ಗುಡ್ಡ ಸತ್ತಂತೆ ಕಾಣುತ್ತದೆ. ಜೂನಿನ ಎರಡು ಮಳೆಗೆ ಹಸಿರುಟ್ಟು ನಿಲ್ಲುತ್ತದೆ. ವಿಶ್ರಾಂತಿ ಸೋಮಾರಿತನವಲ್ಲ.

ನನ್ನ ಹಣೆ ಇಂದಿಗೂ ಮೊಣಕಾಲಿಗೆ ತಾಗಿಲ್ಲ. ನಾಲ್ಕು ಬೆರಳಿನ ಅಂತರ ಉಳಿದಿದೆ. ಮೊನ್ನೆ ಇದನ್ನು ಹೇಳಿಕೊಂಡಾಗ ಮಾಸ್ತರರು ನಕ್ಕು, “ಆ ನಾಲ್ಕು ಬೆರಳು ಇರಲಿ ಬಿಡಿ, ನಾಳೆ ಬೆಳಿಗ್ಗೆ ಏಳಲಿಕ್ಕೆ ಒಂದು ನೆಪ ಬೇಕಲ್ಲ” ಎಂದರು. ಸೊಂಟದ ನೋವು ಮರಳಿಲ್ಲ. ಏಳೂವರೆಯ ಗಾಡಿಯನ್ನು ಈಗಲೂ ಹಿಡಿಯುತ್ತೇನೆ. ತಪ್ಪಿದರೆ ಮುಂದಿನದಕ್ಕೆ ಕಾಯುತ್ತೇನೆ. ಕಾಯುವಾಗ ಎರಡೂ ಪಾದಗಳ ಮೇಲೆ ಸಮನಾಗಿ ನಿಂತು ನಿಧಾನವಾಗಿ ಉಸಿರು ಬಿಡುತ್ತೇನೆ. ಈ ನಗರದಲ್ಲಿ ಅಷ್ಟನ್ನು ಕಲಿಯಲು ನನಗೆ ಒಂದು ಗುಡ್ಡ, ಒಂದು ಖಾಡಿ ಬೇಕಾಯಿತು. ಅವೆರಡೂ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಇದ್ದವು.