ಹಳೆಯ ಸಂಚಾರಿ ಮನೆಯನ್ನು ಕೊಳ್ಳುವ ಮುನ್ನ

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ಹಿರಿಯರು ಅದರ ಕೋಡಿಗೆ ಬಳಿದ ಬಣ್ಣಕ್ಕಾಗಲಿ, ಕೊರಳ ಗೆಜ್ಜೆಗಾಗಲಿ ಮರುಳಾಗುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು, ಗೊರಸು ಎತ್ತಿಸಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸುತ್ತಿದ್ದರು. ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ನಮ್ಮ ಓದುಗ ಬಂಧುಗಳಲ್ಲಿ ಕೆಲವರ ಮಕ್ಕಳು ಇಂದು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿಯ ಜನರು ರಜೆಯ ದಿನಗಳಲ್ಲಿ ಮೋಟಾರ್‌ಹೋಮ್ ಎಂಬ ಸಂಚಾರಿ ಮನೆಯಲ್ಲಿ ಊರೂರು ತಿರುಗುವುದನ್ನು ಕಂಡು, ತಾವೂ ಹಾಗೆ ತಿರುಗಬೇಕೆಂಬ ಆಸೆ ಅವರಲ್ಲಿ ಮೂಡುವುದು ಸಹಜ. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ವಾಹನದೊಳಗೇ ಇರುವುದರಿಂದ, ಹೋದಲ್ಲೆಲ್ಲ ಶಾಕಾಹಾರದ ಚಿಂತೆ ಮಾಡುವ ಮನೆಯವರಿಗೆ ಇದೊಂದು ದೊಡ್ಡ ಅನುಕೂಲವೇ ಸರಿ.

ಇಂತಹ ವಾಹನಗಳಲ್ಲಿ ಜನರ ಪ್ರೀತಿಯನ್ನು ಅಪಾರವಾಗಿ ಗಳಿಸಿದುದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವರ್ತಕರು ಗೀಚಿದ ಒಂದು ಚಿಕ್ಕ ರೇಖಾಚಿತ್ರವೇ ಇದರ ಮೂಲ. 1950ರಲ್ಲಿ ಇದರ ತಯಾರಿಕೆ ಆರಂಭವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿಯವರು ಅದರೊಳಗೆ ವಾಸದ ಸಜ್ಜನ್ನು ಅಳವಡಿಸಿದರು. ಬ್ರಿಟನ್ನಿನಲ್ಲಿ ಡೆವನ್, ಡಾರ್ಮೊಬೈಲ್ ಮೊದಲಾದ ಸಂಸ್ಥೆಗಳು ಇದೇ ಕೆಲಸವನ್ನು ಕೈಗೊಂಡವು. ಇಂದು ಕೊಳ್ಳುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು 1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ ಎರಡನೆಯ ತಲೆಮಾರಿನ ವ್ಯಾನುಗಳು. ಹಳೆಯದೆಂದ ಮಾತ್ರಕ್ಕೆ ಇವು ಅಗ್ಗವೆಂದು ಯಾರೂ ಭಾವಿಸಬಾರದು. ಅಭಿಮಾನಿಗಳು ಹೆಚ್ಚಿದಷ್ಟೂ ಬೆಲೆಯೂ ಹೆಚ್ಚಿದೆ.

ಕೊಳ್ಳಲು ಹೋದವರು ಮೊದಲು ಎಂಜಿನ್ನನ್ನು ಚಾಲೂ ಮಾಡಿಸಿ ಕಿವಿಗೊಡುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಕೆಟ್ಟ ಎಂಜಿನ್ನನ್ನು ಒಂದೇ ದಿನದಲ್ಲಿ ಕೆಳಗಿಳಿಸಿ ಬೇರೆಯದನ್ನು ಕೂರಿಸಬಹುದು. ಆದರೆ ತುಕ್ಕು ತಿಂದ ಮೈಯನ್ನು ಕತ್ತರಿಸಿ, ಹೊಸ ತಗಡು ಕೂರಿಸಿ, ವೆಲ್ಡಿಂಗ್ ಮಾಡಿಸುವುದರೊಳಗೆ ಗಂಟು ಕರಗಿಹೋಗುತ್ತದೆ. ಈ ವ್ಯಾನಿಗೆ ಪ್ರತ್ಯೇಕ ಚೌಕಟ್ಟು ಇಲ್ಲ. ಮೈಯೂ ಅಡಿಯ ತೊಲೆಗಳೂ ಒಂದಕ್ಕೊಂದು ಬೆಸೆದು ಒಟ್ಟಾಗಿ ಭಾರ ಹೊರುತ್ತವೆ. ಆದುದರಿಂದ ತುಕ್ಕು ಇಲ್ಲಿ ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಬಾಗಿಲಿನ ಕೆಳಗಣ ಅಂಚು, ಚಕ್ರದ ಮೇಲಿನ ಕಮಾನು, ಜ್ಯಾಕ್ ಕೊಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಕಿಟಕಿಯ ರಬ್ಬರಿನ ಅಡಿ, ಮಳೆನೀರಿನ ದೋಣಿ ಇವೇ ಅದರ ಬೀಡುಗಳು. ಜೇಬಿನಲ್ಲೊಂದು ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕು. ತಗಡಿದ್ದಲ್ಲಿ ಅದು ಹಿಡಿದುಕೊಳ್ಳುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹಚ್ಚಿದ್ದಲ್ಲಿ ಜಾರಿ ಬೀಳುತ್ತದೆ. ಮಾರುವವರ ಮುಖ ಆಗ ನೋಡುವಂತಿರುತ್ತದೆ! ಮೇಲೇಳುವ ಛಾವಣಿಯ ಕ್ಯಾನ್ವಾಸನ್ನು ಬಿಡಿಸಿ ನೋಡಿರಿ, ಹಾಸಿಗೆಯ ಕೆಳಗಿನ ಹಲಗೆಯನ್ನು ಬೆರಳಿನಿಂದ ಒತ್ತಿರಿ. ಮೆತ್ತಗಿದ್ದರೆ ನೀರು ಇಳಿದಿದೆ ಎಂದೇ ಅರ್ಥ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಹೊಂದದ ವಾಹನಗಳಿಗೆ 2018ರ ಮೇ ತಿಂಗಳಿನಿಂದ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಇದು ಉಳಿತಾಯದಂತೆ ಕಾಣುತ್ತದೆ. ಆದರೆ ವರ್ಷಗಟ್ಟಲೆ ಯಾರೂ ಅಡಿಗೆ ಇಣುಕಿ ನೋಡದ ವಾಹನವನ್ನು ನಾವು ಕೊಳ್ಳುತ್ತಿರಬಹುದು. ಹಣ ಕೊಡುವ ಮುನ್ನ ಸ್ವಂತ ಖರ್ಚಿನಲ್ಲಾದರೂ ಆ ತಪಾಸಣೆಯನ್ನು ಮಾಡಿಸತಕ್ಕದ್ದು. ಟೈರುಗಳ ಹಲ್ಲು ಸವೆದಿಲ್ಲವೆಂದು ಸಮಾಧಾನಪಡುವುದೂ ಸಲ್ಲದು. ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 1210 ಎಂದಿದ್ದರೆ ಅದು 2010ನೆಯ ಇಸವಿಯ ಹನ್ನೆರಡನೆಯ ವಾರದ್ದು. ನಿಂತಲ್ಲೇ ಮುದಿಯಾದ ಅಂತಹ ಟೈರನ್ನು ಎಸೆಯುವುದೇ ಲೇಸು.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಸಂಗತಿಗಳು. ಈ ವ್ಯಾನಿನ ಎಂಜಿನ್ನು ಹಿಂಬದಿಯಲ್ಲಿದ್ದು, ಅದಕ್ಕೆ ರೇಡಿಯೇಟರ್ ಇಲ್ಲ. ಫ್ಯಾನಿನ ಗಾಳಿಯೇ ಅದನ್ನು ತಂಪಾಗಿಡುತ್ತದೆ. ಪೆಟ್ರೋಲ್ ಟ್ಯಾಂಕು ಅದರ ಹತ್ತಿರದಲ್ಲೇ ಇದೆ. ಅಲ್ಲಿಂದ ಬರುವ ರಬ್ಬರ್ ಕೊಳವೆ ಹಳತಾಗಿ ಬಿರುಕುಬಿಟ್ಟರೆ ಪೆಟ್ರೋಲು ಕಾದ ಲೋಹದ ಮೇಲೆ ತೊಟ್ಟಿಕ್ಕುತ್ತದೆ. ಎಂಜಿನ್ನಿನ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದಾಗಿದ್ದರೆ, ಹೊತ್ತಿಕೊಂಡ ಮೇಲೆ ನೀರೆರಚಿದಷ್ಟೂ ಉರಿ ಹೆಚ್ಚುತ್ತದೆ. ಅಂತಹ ಸಮಯದಲ್ಲಿ ಸಾಮಾನಿನ ಆಸೆ ಬಿಟ್ಟು, ಮಕ್ಕಳನ್ನು ಇಳಿಸಿಕೊಂಡು ದೂರ ಸರಿಯುವುದೊಂದೇ ದಾರಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಶೇಕಡಾ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯ ಪೆಟ್ರೋಲಾಗಿದೆ. ಹಳೆಯ ಕಾಲದ ರಬ್ಬರು ಇದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ವಾಹನ ಮನೆಗೆ ಬಂದ ದಿನವೇ, ಹಿಂದಿನವರು ಏನೇ ಹೇಳಿರಲಿ, ಎಲ್ಲ ಕೊಳವೆಗಳನ್ನೂ ಎಥನಾಲ್ ತಾಳುವಂತಹವುಗಳಿಗೆ ಬದಲಾಯಿಸಬೇಕು. ಖರ್ಚು ಅಲ್ಪ.

ಚಳಿಗೆ ಒಳಗೆ ಬೆಚ್ಚನೆಯ ಗಾಳಿ ಬರುವುದು ಹೊಗೆಕೊಳವೆಯ ಶಾಖದಿಂದ. ಆ ಕೊಳವೆಯನ್ನು ಸುತ್ತಿದ ಪೆಟ್ಟಿಗೆಯಲ್ಲಿ ತೂತು ಬಿದ್ದರೆ ಬೆಚ್ಚನೆಯ ಗಾಳಿಯೊಡನೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಅಡುಗೆಯ ಒಲೆಯನ್ನು ಚಳಿ ಕಾಯಿಸಲು ಉರಿಸಿಟ್ಟರೂ ಇದೇ ಅಪಾಯ. ಎಚ್ಚರಿಕೆಯ ಗಂಟೆ ಬಾರಿಸುವ ಚಿಕ್ಕ ಯಂತ್ರವೊಂದನ್ನು ಹಾಸಿಗೆಯ ಬಳಿ ಇಡದೆ ಒಂದು ರಾತ್ರಿಯನ್ನೂ ಕಳೆಯಬಾರದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಕೂರುತ್ತದೆ. ಅದು ಹೊರಹೋಗಲೆಂದು ನೆಲದಲ್ಲಿ ಬಿಟ್ಟಿರುವ ಕಂಡಿಯನ್ನು ಚಳಿಗಾಳಿ ಬರುತ್ತದೆಂದು ಕೆಲವರು ಚಿಂದಿ ತುರುಕಿ ಮುಚ್ಚುತ್ತಾರೆ. ಇದಕ್ಕಿಂತ ದೊಡ್ಡ ಅವಿವೇಕ ಬೇರಿಲ್ಲ.

ಇಷ್ಟನ್ನು ಓದಿ ಯಾರೂ ಹಿಂಜರಿಯಬೇಕಾಗಿಲ್ಲ. ಈ ಎಂಜಿನ್ನು ಕಲಿಯುವವರಿಗೆ ದಯಾಮಯಿ. 1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಎಂಬ ಇಂಜಿನಿಯರರು ಫೋಕ್ಸ್‌ವ್ಯಾಗನ್ನಿನ ರಿಪೇರಿಯ ಬಗ್ಗೆ ಏನೂ ಅರಿಯದವರಿಗಾಗಿಯೇ ಒಂದು ಕೈಪಿಡಿ ಬರೆದರು. ಸ್ಪ್ಯಾನರ್ ಹಿಡಿಯದವರೂ ಅದನ್ನು ಮುಂದಿಟ್ಟುಕೊಂಡು ಕೆಲಸ ಕಲಿತರು. ಎರಡು ಕೆಲಸಗಳನ್ನು ಮಾತ್ರ ತಪ್ಪಿಸಲಾಗದು. ಸುಮಾರು ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸುವುದು ಒಂದು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಎಣ್ಣೆಯೇ ಅರ್ಧ ರೇಡಿಯೇಟರ್ ಇದ್ದಂತೆ. ಅದೇ ಹೊತ್ತಿಗೆ ವಾಲ್ವುಗಳ ಸಂದನ್ನು ಸರಿಪಡಿಸುವುದು ಇನ್ನೊಂದು. 1600 ಸಿಸಿ ಎಂಜಿನ್ನಿಗೆ ಈ ಸಂದು 0.15 ಮಿಲಿಮೀಟರ್. ಎಂಜಿನ್ನು ರಾತ್ರಿಯೆಲ್ಲ ತಣಿದಿದ್ದಾಗ, ಬೆಳಿಗ್ಗೆ ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಸಂದು ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ಕೆಲವೊಮ್ಮೆ ಅದರ ತಲೆ ಮುರಿದು ಪಿಸ್ಟನ್ನನ್ನೇ ತೂತು ಮಾಡುತ್ತದೆ. ಎಂಜಿನ್ನಿನ ಸುತ್ತಣ ರಬ್ಬರ್ ಪಟ್ಟಿಯನ್ನೂ ನೋಡಿಕೊಳ್ಳಿರಿ. ಅದು ಹರಿದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆ. ಬ್ರೇಕಿನ ಎಣ್ಣೆ ಗಾಳಿಯಿಂದ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಈ ಕೆಲಸಕ್ಕೆ ಮಾತ್ರ ಮೊದಲ ಸಲ ಅನುಭವಸ್ಥರೊಬ್ಬರು ಪಕ್ಕದಲ್ಲಿರಲಿ.

ನವೆಂಬರ್ ಬಂದು ವಾಹನವನ್ನು ನಿಲ್ಲಿಸುವಾಗ ತೊಟ್ಟಿಯ ನೀರನ್ನೂ ನಲ್ಲಿಯ ಕೊಳವೆಯ ನೀರನ್ನೂ ಪೂರ್ತಿ ಬಸಿದು, ನಲ್ಲಿಗಳನ್ನು ತೆರೆದೇ ಬಿಡಬೇಕು. ಒಳಗುಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಸೀಳುತ್ತದೆ. ಅದು ಗೊತ್ತಾಗುವುದು ವಸಂತದಲ್ಲಿ, ನೀರು ತುಂಬಿಸಿದ ಮೇಲೆ.