ಕಳ್ಳಿಯನ್ನು ಗೆದ್ದ ಪತಂಗ

ಪತಂಗವೆಂದರೆ ದೀಪಕ್ಕೆ ಎರಗಿ ಪ್ರಾಣ ನೀಗುವ ಅವಿವೇಕಿಯೆಂದು ನಮ್ಮ ಕವಿಗಳು ರೂಢಿ ಮಾಡಿಬಿಟ್ಟಿದ್ದಾರೆ. ಆದರೆ ಒಂದು ಪತಂಗದ ಸ್ಮರಣಾರ್ಥವಾಗಿ ರೈತರು ಸಭಾಭವನವನ್ನೇ ಕಟ್ಟಿದ ಸಂಗತಿಯನ್ನು ವಾಚಕರಲ್ಲಿ ಬಹುಮಂದಿ ಕೇಳಿರಲಾರರು.

ಶಾಸ್ತ್ರಜ್ಞರು ಇದನ್ನು ಕ್ಯಾಕ್ಟೊಬ್ಲಾಸ್ಟಿಸ್ ಎಂದು ಕರೆಯುವರು. ದಕ್ಷಿಣ ಅಮೆರಿಕದ ಅರ್ಜೆಂಟೀನ, ಪರಾಗ್ವೆ ಮೊದಲಾದ ದೇಶಗಳು ಇದರ ತವರು. ರೂಪದಲ್ಲಿ ವಿಶೇಷವೇನೂ ಇಲ್ಲ. ಬೂದು ಬೆರೆತ ಕಂದು ಬಣ್ಣ, ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಒಂದು ಅಂಗುಲ. ರೆಕ್ಕೆ ಮೂಡಿದ ಮೇಲೆ ಇದು ಏನನ್ನೂ ತಿನ್ನದು, ಉಣ್ಣುವುದೆಲ್ಲವೂ ಶೈಶವದಲ್ಲಿಯೇ. ಹೆಣ್ಣು ಪತಂಗವು ಪಾಪಾಸುಕಳ್ಳಿಯ ಮೇಲೆ 70–90 ಮೊಟ್ಟೆಗಳನ್ನು ಒಂದರ ತುದಿಗೊಂದು ಅಂಟಿಸಿ ಕಡ್ಡಿಯಂತೆ ನಿಲ್ಲಿಸುವುದು. ನೋಡಿದವರ ಕಣ್ಣಿಗೆ ಅದೂ ಒಂದು ಮುಳ್ಳೇ! ಕಳ್ಳಿಯ ಲೋಳೆಯನ್ನು ದಾಟುವುದು ಒಂಟಿ ಮರಿಗೆ ಕಷ್ಟ. ಆದಕಾರಣ ಮರಿಹುಳುಗಳೆಲ್ಲವೂ ಒಟ್ಟುಗೂಡಿ, ಒಂದೇ ರಂಧ್ರವನ್ನು ಕೊರೆದು ಒಳಹೊಕ್ಕು, ತಿರುಳನ್ನೆಲ್ಲ ತಿಂದುಹಾಕುವುವು. ಗಿಡವು ಒಳಗೇ ಕೊಳೆತು ಕುಸಿಯುವುದು.

ಅಲಂಕಾರಕ್ಕೂ ಬೇಲಿಗೂ ಎಂದು 19ನೆಯ ಶತಮಾನದಲ್ಲಿ ಆಸ್ಟ್ರೇಲಿಯಕ್ಕೆ ತಂದ ಪಾಪಾಸುಕಳ್ಳಿಯು 1925ರ ವೇಳೆಗೆ ಅಲ್ಲಿ ಸುಮಾರು 6 ಕೋಟಿ ಎಕರೆ ನೆಲವನ್ನು ಆಕ್ರಮಿಸಿತ್ತು. ಕಡಿದರು, ಸುಟ್ಟರು, ವಿಷ ಸುರಿದರು; ಬಿದ್ದ ತುಂಡೆಲ್ಲ ಬೇರು ಬಿಟ್ಟಿತು. ಅನೇಕರು ಜಮೀನು ತೊರೆದು ಹೋದರು. ಆ ವರ್ಷ ಆಲನ್ ಡಾಡ್ ಎಂಬ ಕೀಟಶಾಸ್ತ್ರಜ್ಞರು ಅರ್ಜೆಂಟೀನದಿಂದ ಸುಮಾರು 3000 ಮೊಟ್ಟೆಗಳನ್ನು ಕಳುಹಿಸಿದರು. ಈ ಹುಳುಗಳು ಬೆಳೆಗಳ ಮೇಲೆ ಬಿದ್ದರೇನು ಗತಿ? ಹಸಿದ ಹುಳುಗಳ ಮುಂದೆ ಉಪಯುಕ್ತ ಸಸ್ಯಗಳನ್ನು ಇಟ್ಟು ಪರೀಕ್ಷಿಸಿದ ಬಳಿಕವೇ 1926ರಲ್ಲಿ ಅವನ್ನು ಹೊರಗೆ ಬಿಟ್ಟರು. ಏಳೆಂಟು ವರ್ಷಗಳಲ್ಲಿ ಕಳ್ಳಿಗಾಡು ಅಳಿದು ಹೊಲಗಳು ಮರಳಿದವು. ಕ್ವೀನ್ಸ್‌ಲೆಂಡಿನ ಬೂನಾರ್ಗದಲ್ಲಿ 1936ರಲ್ಲಿ ಎದ್ದ ಸಭಾಭವನಕ್ಕೆ ಈ ಪತಂಗದ ಹೆಸರೇ ಇದೆ.

(ನಮ್ಮ ದಕ್ಷಿಣ ಭಾರತದ ಕಳ್ಳಿಯನ್ನು ತಗ್ಗಿಸಿದ್ದು ಇದಲ್ಲ, 1926ರಲ್ಲಿ ಸಿಂಹಳದಿಂದ ತಂದ, ಬಿಳಿಯ ಹಿಟ್ಟು ಮೆತ್ತಿದಂತೆ ಕಾಣುವ ಬೇರೊಂದು ಕೀಟ.)

ಈ ಯಶಸ್ಸನ್ನು ಕಂಡು 1957ರಲ್ಲಿ ಕೆರಿಬಿಯನ್ ಸಮುದ್ರದ ನೀವಿಸ್ ದ್ವೀಪಕ್ಕೂ ಪತಂಗವನ್ನು ಒಯ್ದರು. ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹಬ್ಬಿ, 1989ರಲ್ಲಿ ಅದು ಅಮೆರಿಕದ ಫ್ಲಾರಿಡದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಕಳ್ಳಿಗಳಾದರೋ ಆ ನೆಲದಲ್ಲಿಯೇ ಹುಟ್ಟಿದವು. ಕೆಲವು ಅತಿ ವಿರಳವಾದವು. ಹುಳುವಿಗೆ ಆ ಭೇದವೆಲ್ಲಿಯದು? ನೆರೆಯ ಮೆಕ್ಸಿಕೋದಲ್ಲಿಯಂತೂ ಕಳ್ಳಿಯ ಎಳೆಯ ಹಲಗೆಗಳು ನಿತ್ಯದ ತರಕಾರಿ, ಹಣ್ಣು ಸಂತೆಯ ಸರಕು. ರಾಷ್ಟ್ರಧ್ವಜದ ನಡುವೆ ಗರುಡನು ಕುಳಿತಿರುವುದೂ ಕಳ್ಳಿಯ ಮೇಲೆಯೇ. 2006ರಲ್ಲಿ ಆ ದೇಶದ ಮುಹೇರೆಸ್ ದ್ವೀಪದಲ್ಲಿ ಪತಂಗವು ಕಂಡೊಡನೆ, ಸೋಂಕಿದ ಗಿಡಗಳನ್ನು ಹುಡುಕಿ ಕಿತ್ತು, 2009ರ ವೇಳೆಗೆ ಅದನ್ನು ಅಲ್ಲಿಂದ ನಿರ್ಮೂಲಗೊಳಿಸಿದರು.