ದೇಶ ಸುತ್ತು, ಕೋಶ ಓದು: ಟ್ಯೂಬಿಂಗೆನ್ ಕಲಿಸುವ ಪಠ್ಯದಾಚೆಯ ಪಾಠ

ವಿದೇಶಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಸೇರಿದ ದಿನ ಮನೆಯಲ್ಲಿ ನಡೆಯುವ ಲೆಕ್ಕಾಚಾರವೆಲ್ಲ ಶುಲ್ಕ, ವೀಸಾ ಹಾಗೂ ಮುಂದಿನ ಉದ್ಯೋಗದ ಕುರಿತಾದದ್ದು. ಓದಲು ಹೋಗುವ ಊರು ಆ ಲೆಕ್ಕಕ್ಕೆ ಸೇರುವುದು ಅಪರೂಪ. ಆದರೆ ವಿದ್ಯಾರ್ಥಿಯ ಸ್ವಭಾವವನ್ನು ತಿದ್ದುವುದರಲ್ಲಿ ತರಗತಿಗಿಂತ ಊರಿನ ಪಾಲೇ ದೊಡ್ಡದು. ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಇದಕ್ಕೊಂದು ನಿದರ್ಶನ.

ನೆಕ್ಕರ್ ನದಿಯ ದಡದ ಈ ಊರಿನ ಜನಸಂಖ್ಯೆ ಸುಮಾರು 90 ಸಾವಿರ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಕನ್ನಡಿಗರಿಗೂ ಇದು ತೀರಾ ಅಪರಿಚಿತ ಊರಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದೂ ಇದೇ ವಿಶ್ವವಿದ್ಯಾಲಯ.

ಮೊದಲ ಎರಡು ವಾರ

ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಆರೋಗ್ಯ ವಿಮೆಯಿಲ್ಲದೆ ವಿಶ್ವವಿದ್ಯಾಲಯದ ದಾಖಲಾತಿ ಪೂರ್ಣಗೊಳ್ಳದು. ಊರಿನಲ್ಲಿದ್ದಾಗ ಇಂಥ ಕೆಲಸಗಳನ್ನು ತಂದೆಯೋ ಅಣ್ಣನೋ ಮಾಡಿಕೊಡುತ್ತಿದ್ದರು. ಇಲ್ಲಿ ಸರತಿಯಲ್ಲಿ ನಿಲ್ಲುವವರೂ ಪತ್ರಕ್ಕೆ ಉತ್ತರಿಸುವವರೂ ತಾವೇ. ಸ್ವಾವಲಂಬನೆ ಎಂಬ ಪದದ ಅರ್ಥ ಈ ಎರಡು ವಾರಗಳಲ್ಲೇ ಮನದಟ್ಟಾಗುತ್ತದೆ.

ಅಳೆದು ತೂಗುವ ಖರ್ಚು

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಟ್ಯೂಬಿಂಗೆನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಜೀವನ ವೆಚ್ಚಕ್ಕೆ ಹಣವಿದೆಯೆಂದು ತೋರಿಸಲು ವೀಸಾ ಅರ್ಜಿದಾರರು ಸಾಮಾನ್ಯವಾಗಿ ನಿರ್ಬಂಧಿತ ಬ್ಯಾಂಕ್ ಖಾತೆ ತೆರೆಯುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋಗಳಿಗೆ ಏರಿಸಲಾಯಿತು. ತಿಂಗಳಿಗೆ ಕೈಗೆ ಬರುವುದು 992 ಯೂರೋ ಮಾತ್ರ. ಬಾಡಿಗೆ, ವಿಮೆ, ಊಟ ಎಲ್ಲವೂ ಅದರೊಳಗೇ ಆಗಬೇಕು. ಮನೆಯವರು ಸಾಲ ಮಾಡಿ ಕಳುಹಿಸಿದ್ದರೆ ಪ್ರತಿ ಯೂರೋ ರೂಪಾಯಿಯಾಗಿಯೇ ಕಣ್ಣೆದುರು ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಪಾಠ ಇಲ್ಲಿ ಅನಿವಾರ್ಯ.

ಗುಡಿಸುವ ಸರದಿ

ಈ ಸೀಮೆಯಲ್ಲಿ ‘ಕೇರ್‌ವೋಖ’ ಎಂಬ ಪದ್ಧತಿಯಿದೆ. ಬಾಡಿಗೆದಾರರು ಸರದಿಯಂತೆ ವಾರಕ್ಕೊಬ್ಬರು ಮೆಟ್ಟಿಲು ಹಾಗೂ ಮನೆಯ ಮುಂದಿನ ಕಾಲುದಾರಿಯನ್ನು ಗುಡಿಸಬೇಕು. ಇದರ ಮೂಲವನ್ನು 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯಲ್ಲಿ ಗುರುತಿಸುವುದುಂಟು. ಮೇಷ್ಟ್ರಾಗಲಿ, ಎಂಜಿನಿಯರ್ ಆಗಲಿ, ವಿದ್ಯಾರ್ಥಿಯಾಗಲಿ, ಸರದಿ ಬಂದಾಗ ಪೊರಕೆ ಹಿಡಿಯಲೇಬೇಕು. ಕಸ ಗುಡಿಸುವುದು ಬೇರೆಯವರ ಕೆಲಸವೆಂದು ಭಾವಿಸಿ ಬೆಳೆದ ಯುವಕನಿಗೆ ಇದು ಯಾವ ಉಪನ್ಯಾಸವೂ ಕಲಿಸಲಾಗದ ಸಮಾನತೆಯ ಪಾಠ. ಇದೇ ಊರು 2022ರ ಜನವರಿಯಿಂದ ಒಮ್ಮೆ ಬಳಸಿ ಬಿಸಾಡುವ ಕಾಫಿ ಲೋಟಕ್ಕೆ 50 ಸೆಂಟ್ ತೆರಿಗೆ ಹಾಕಿದೆ. 2025ರ ಜನವರಿಯಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಈ ತೆರಿಗೆಯನ್ನು ಎತ್ತಿಹಿಡಿಯಿತು.

ಮೌನದ ಅಪಾಯ

ಎಲ್ಲ ಪಾಠಗಳೂ ಸುಲಭದವಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಸೇರಿದವರು ಜರ್ಮನ್ ಕಲಿಯದೆಯೇ ಪದವಿ ಪಡೆಯಬಹುದು. ಆದರೆ ನೆರೆಮನೆಯವರ ಮಾತು, ವೈದ್ಯರ ಕಚೇರಿಯ ಪತ್ರ, ಅರೆಕಾಲಿಕ ಕೆಲಸದ ಸಂದರ್ಶನ ಹೆಚ್ಚಾಗಿ ಜರ್ಮನ್‌ನಲ್ಲೇ ಇರುತ್ತವೆ. ತಮ್ಮ ದೇಶದವರ ಕೋಣೆಯಲ್ಲೇ ಸಂಜೆ ಕಳೆಯುವವರಿಗೆ ಪದವಿ ದಕ್ಕುತ್ತದೆ, ಊರು ದಕ್ಕುವುದಿಲ್ಲ. ಒಂಟಿತನ ಹೆಚ್ಚಾದರೆ ಅದನ್ನು ಮನೆಯವರಿಂದ ಮುಚ್ಚಿಟ್ಟು ‘ಚೆನ್ನಾಗಿದ್ದೇನೆ’ ಎನ್ನುತ್ತ ಕೂರುವುದು ಅಪಾಯಕಾರಿ. ಟ್ಯೂಬಿಂಗೆನ್‌ನ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನೋವೈದ್ಯಕೀಯ ಆಪ್ತ ಸಮಾಲೋಚನೆಯ ವ್ಯವಸ್ಥೆ ಇದೆ. ನೆರವು ಕೇಳುವುದನ್ನು ಕಲಿಯುವುದೂ ಬೆಳವಣಿಗೆಯ ಭಾಗವೇ.

ಹೊರಡುವ ಮುನ್ನ

ಹೊರಡುವವರು ಪ್ರಯಾಣಕ್ಕೆ ಮುನ್ನವೇ ಆರು ತಿಂಗಳಾದರೂ ಜರ್ಮನ್ ಕಲಿಯುವುದು ಒಳಿತು. ಅಡುಗೆ, ಬಟ್ಟೆ ಒಗೆಯುವುದು, ತಿಂಗಳ ಲೆಕ್ಕ ಬರೆಯುವುದು ಮನೆಯಲ್ಲೇ ರೂಢಿಯಾಗಲಿ. ಪೋಷಕರು ಪ್ರತಿ ಕರೆಯಲ್ಲೂ ಅಂಕಗಳನ್ನಷ್ಟೇ ವಿಚಾರಿಸದೆ, ಹೊಸದಾಗಿ ಯಾರ ಪರಿಚಯವಾಯಿತು, ಸರದಿಯ ವಾರ ಹೇಗಾಯಿತು ಎಂದೂ ಕೇಳಬೇಕು. ದೂರದ ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್ ಧಾರವಾಡ, ಮಂಗಳೂರುಗಳ ಜನರ ನಡುವೆ ಬದುಕಿ ಅವರ ಭಾಷೆಗೊಂದು ಕೋಶ ಕಟ್ಟಿಕೊಟ್ಟರು. ನಮ್ಮ ಮಕ್ಕಳಿಂದ ಅಷ್ಟನ್ನು ಯಾರೂ ಬಯಸುವುದಿಲ್ಲ. ನೆರೆಮನೆಯವರೊಂದಿಗೆ ಅವರದೇ ಭಾಷೆಯಲ್ಲಿ ನಾಲ್ಕು ಮಾತನಾಡುವಷ್ಟಾದರೆ ಆರಂಭಕ್ಕೆ ಸಾಕು.